ಒಳಗಿನ ಕಾವನ್ನು ಓದುವ ಬಗೆ

ಶ್ರೀರಂಗಪಟ್ಟಣದಿಂದ ಕನ್ನಂಬಾಡಿಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಿಗುವ ಪಾಲಹಳ್ಳಿ ಇಂದು ನೋಡುವವರ ಕಣ್ಣಿಗೆ ಕಬ್ಬು ಭತ್ತಗಳ ನಡುವಣ ಒಂದು ದೊಡ್ಡ ಊರು, ಅಷ್ಟೆ. ಆದರೆ ಈ ಊರಿನ ಕೀರ್ತಿ ಒಂದು ಕಾಲದಲ್ಲಿ ಕಡಲು ದಾಟಿ ಲಂಡನ್ನಿನವರೆಗೆ ಹೋಗಿತ್ತೆಂಬುದನ್ನು ಬಲ್ಲವರು ವಿರಳ. 1847ರಲ್ಲಿ ಗ್ರೋವ್ಸ್ ಕಂಪನಿಯವರು ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ತೆರೆದರು. ಸುತ್ತಿನ ರೈತರು ಕಾಸಿದ ಬೆಲ್ಲವನ್ನು ಕೊಂಡು, ಶುದ್ಧಿಮಾಡಿ, ಹರಳುಸಕ್ಕರೆಯನ್ನಾಗಿಸುವುದು ಅದರ ಕೆಲಸ. ಆ ಸಕ್ಕರೆಯ ಗುಣವನ್ನು ಮೆಚ್ಚಿ 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಪದಕವನ್ನಿತ್ತರು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಅದಕ್ಕೆ ಎಂಬತ್ತಾರು ವರ್ಷಗಳ ಮೊದಲೇ ಈ ಹಳ್ಳಿ ಸಕ್ಕರೆಯ ಹರಳನ್ನು ಕಂಡಿತ್ತು. ಪಾಲಹಳ್ಳಿಯ ಕಾರ್ಖಾನೆ ಎಂದೋ ಇತಿಹಾಸಕ್ಕೆ ಸೇರಿತು. ಅದಕ್ಕೆ ಬೆಲ್ಲವನ್ನು ಒದಗಿಸಿದ ಆಲೆಮನೆಯ ವಿದ್ಯೆ ಮಾತ್ರ ಈ ಸೀಮೆಯಲ್ಲಿ ಇನ್ನೂ ಬದುಕಿದೆ.

ಆ ವಿದ್ಯೆ ಎಂಥದು? ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಹಾಲು ಕಾದಂತೆಲ್ಲ ಸುಣ್ಣದ ನೀರನ್ನೋ ಬೆಂಡೆಗಿಡದ ಲೋಳೆಯನ್ನೋ ಬೆರೆಸಿ, ಮೇಲೆದ್ದ ಕೊಳೆಯನ್ನು ತೆಗೆಯುತ್ತಾರೆ. ಮೊದಮೊದಲು ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಬಹಳ ಹೊತ್ತು ಕುದಿ ನಡೆಯುತ್ತದೆ. ನೀರು ಹೋಗಿ ಸಿಹಿ ಉಳಿದಂತೆ ಕುದಿಯ ಬಿಸಿ ಏರತೊಡಗುತ್ತದೆ. ಕೊನೆಯ ಗಳಿಗೆಯಲ್ಲಂತೂ ಆ ಏರಿಕೆ ನಡಿಗೆಯಲ್ಲ, ಓಟ. ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಪಾಕ ಇಳಿಯಬೇಕು. ತುಸು ಮೊದಲಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು. ತುಸು ತಡವಾದರೆ ಸೀದು ಕಪ್ಪಾಗುತ್ತದೆ. ಪಾಕ ನೋಡುವವನ ಕೈಯಲ್ಲಿ ಉಷ್ಣಮಾಪಕವಿಲ್ಲ. ಗುಳ್ಳೆಯ ಗಾತ್ರ, ಬಣ್ಣ, ವಾಸನೆ, ಕುದಿಯ ಸದ್ದು, ತಣ್ಣೀರಿಗೆ ಬಿಟ್ಟ ಹನಿ ಬೆರಳ ನಡುವೆ ಉಂಡೆಯಾಗುವ ರೀತಿ, ಇವೇ ಅವನ ಮಾಪಕಗಳು. ‘ಸಾಕು, ಉರಿ ತಗ್ಗಿಸಪ್ಪಾ’ ಎಂದು ಅವನು ಒಲೆಯ ಬಳಿಯವನಿಗೆ ಹೇಳುವ ಆ ಒಂದು ಕ್ಷಣಕ್ಕೆ ಇಡೀ ದಿನದ ದುಡಿಮೆ ಕಾದಿರುತ್ತದೆ.

ಗಮನಿಸಬೇಕಾದ ಸಂಗತಿ ಒಂದುಂಟು. ಅವನು ‘ಬಿಸಿ ಎಷ್ಟಾಯಿತು’ ಎಂದು ಕೇಳಿಕೊಳ್ಳುವುದಿಲ್ಲ. ‘ಹದಕ್ಕೆ ಇನ್ನೆಷ್ಟು ದೂರ’ ಎಂದು ಕೇಳಿಕೊಳ್ಳುತ್ತಾನೆ. ಮತ್ತೊಂದು ಸಂಗತಿ: ಅವನು ಕೊಪ್ಪರಿಗೆಯ ಹೊರಗೆ ನಿಂತವನು. ಬೇಯುವುದು ಬೇರೆ, ನೋಡುವವನು ಬೇರೆ. ಕೊಪ್ಪರಿಗೆಯೊಳಗಿನ ಪಾಕವೇ ತನ್ನ ಹದವನ್ನು ತಾನು ನೋಡಿಕೊಂಡು, ತನ್ನ ಉರಿಯನ್ನು ತಾನೇ ತಗ್ಗಿಸಿಕೊಳ್ಳಬೇಕಾಗಿದ್ದರೆ? ಇದು ಕವಿಯ ಕಲ್ಪನೆಯಂತೆ ತೋರಬಹುದು. ಆದರೆ ಇಂಥ ವಸ್ತುವೊಂದು ಇಂದು ನಮ್ಮ ಮನೆಮನೆಯಲ್ಲಿ, ವಿದ್ಯಾರ್ಥಿಗಳ ಕೈಕೈಯಲ್ಲಿ ಇದೆ. ಅದೇ ಗಣಕಯಂತ್ರ. ಅದರ ಮಿದುಳೆನ್ನಬಹುದಾದ ಪ್ರೊಸೆಸರು ಕೆಲಸಮಾಡುತ್ತ ಬೇಯುತ್ತದೆ. ಎಷ್ಟು ಬೆಂದಿದ್ದೇನೆಂದು ಅರಿಯುವ ಲೆಕ್ಕವನ್ನೂ ಆ ಬೇಯುವ ಪ್ರೊಸೆಸರೇ ಮಾಡಬೇಕು. ಇದು ಹೇಗೆ ಸಾಧ್ಯವಾಯಿತೆಂಬುದೇ ಈ ಲೇಖನದ ವಿಷಯ.

*

ಕಾವಿನ ಬಗೆಗೆ ನಮ್ಮ ನುಡಿ ಬಡವಲ್ಲ. ಬಿಸಿ, ಕಾವು, ಬೇಗೆ, ಧಗೆ, ಝಳ, ಸೆಕೆ ಎಂಬಿವು ಒಂದೊಂದೂ ಒಂದೊಂದು ಅನುಭವದ ಹೆಸರು. ಬೆಂಕಿಯ ಮುಂದೆ ತಟ್ಟುವುದು ಝಳ. ಗಾಳಿಯಿಲ್ಲದ ಕೋಣೆಯಲ್ಲಿ ಕಾಡುವುದು ಸೆಕೆ. ಕೋಳಿ ಮೊಟ್ಟೆಗೆ ಕೊಡುವುದು ಕಾವು. ‘ಉಗುರುಬೆಚ್ಚಗೆ’ ಎಂಬ ಮಾತಿನಲ್ಲಿ ಅಳತೆಯ ಉಪಕರಣವೇ ಅಡಗಿದೆ: ಬೆರಳ ತುದಿಯನ್ನದ್ದಿ ನೋಡಿದವರು ಕಟ್ಟಿದ ಪದವದು. ಸಂಸ್ಕೃತದ ‘ತಾಪ’ಕ್ಕೆ ಉಷ್ಣವೆಂಬ ಅರ್ಥವೂ ಉಂಟು, ದುಃಖವೆಂಬ ಅರ್ಥವೂ ಉಂಟು. ಮೂರು ಬಗೆಯ ತಾಪಗಳನ್ನು ಹೇಳುವ ಶಾಸ್ತ್ರದ ‘ತಾಪತ್ರಯ’ವು ನಮ್ಮ ಮನೆಮಾತಿನಲ್ಲಿ ದಿನನಿತ್ಯದ ತೊಂದರೆಯ ಹೆಸರಾಗಿ ನಿಂತಿದೆ. ಗಣಕಯಂತ್ರದ ತಾಪವೂ ಈ ಎರಡು ಅರ್ಥದಲ್ಲಿಯೂ ತಾಪವೇ.

ಆ ತಾಪ ಎಲ್ಲಿಂದ ಬರುತ್ತದೆ? ಪ್ರೊಸೆಸರೆಂದರೆ ಸಿಲಿಕಾನಿನ ಒಂದು ಚೂರು. ಅದರ ಮೇಲೆ ಕೋಟಿ ಕೋಟಿ ಟ್ರಾನ್ಸಿಸ್ಟರುಗಳು. ಪ್ರತಿಯೊಂದೂ ತೆರೆದು ಮುಚ್ಚುವ ಒಂದು ತೂಬು. ಕಾಲುವೆಯ ತೂಬನ್ನು ಎತ್ತಿ ಇಳಿಸುವಾಗ ನೀರು ಹರಿಯುವಂತೆ, ಈ ತೂಬುಗಳ ಒಂದೊಂದು ಚಲನೆಗೂ ಕಿಂಚಿತ್ ವಿದ್ಯುತ್ತು ತುಂಬಿ ಬರಿದಾಗುತ್ತದೆ. ಹಾಗೆ ಬರಿದಾದುದು ಶಾಖವಾಗಿ ಉಳಿಯುತ್ತದೆ. ಒಂದು ತೂಬಿನ ಶಾಖ ಲೆಕ್ಕಕ್ಕಿಲ್ಲ. ಆದರೆ ಕೋಟಿ ಕೋಟಿ ತೂಬುಗಳು ಸೆಕೆಂಡಿಗೆ ನೂರಾರು ಕೋಟಿ ಸಲ ಮಿಡಿಯುವ ತಾಳಕ್ಕೆ ಕುಣಿದರೆ?

ಇದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಸಂಸ್ಥೆ ‘ಜಿಯಾನ್ 7400’ ಎಂಬ ಪ್ರೊಸೆಸರುಗಳನ್ನು ಲೋಕಕ್ಕೆ ಬಿಟ್ಟಿತು. ‘ಡನಿಂಗ್ಟನ್’ ಎಂಬ ಗುಪ್ತನಾಮದಿಂದ ಬೆಳೆದ ಅದರ ವಿನ್ಯಾಸ ಬಹುಮಟ್ಟಿಗೆ ನಡೆದದ್ದು ಬೆಂಗಳೂರಿನಲ್ಲಿ. ಸುಮಾರು 503 ಚದರ ಮಿಲಿಮೀಟರಿನ, ಎಂದರೆ ದೊಡ್ಡದೊಂದು ಅಂಚೆಚೀಟಿಯಷ್ಟು ಜಾಗದಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳು, ಆರು ತಿರುಳುಗಳು. ಅವುಗಳಲ್ಲಿ ವೇಗಶಾಲಿಯಾದ ಮಾದರಿಯ ಶಾಖದ ಮಿತಿ 130 ವ್ಯಾಟು. ಲೆಕ್ಕಹಾಕಿ ನೋಡೋಣ: ಚದರ ಸೆಂಟಿಮೀಟರಿಗೆ ಸುಮಾರು 26 ವ್ಯಾಟು. ಅಡುಗೆಮನೆಯ 18 ಸೆಂಟಿಮೀಟರು ಅಗಲದ, ಸಾವಿರ ವ್ಯಾಟಿನ ವಿದ್ಯುತ್ ಒಲೆಯ ತಟ್ಟೆಯಲ್ಲಿ ಇದೇ ಲೆಕ್ಕ ಸುಮಾರು 4 ವ್ಯಾಟಿಗೆ ನಿಲ್ಲುತ್ತದೆ. ಅನ್ನ ಬೇಯಿಸುವ ಒಲೆಗಿಂತ ಆರು ಪಟ್ಟಿಗೂ ಮಿಗಿಲಾದ ದಟ್ಟಣೆಯಲ್ಲಿ ಶಾಖವನ್ನು ಕಾರುವ ಈ ಚೂರು, ತನ್ನ ಮೇಲಣ ಲೋಹದ ರೆಕ್ಕೆ ಮತ್ತು ಗಾಳಿಯ ಬೀಸಣಿಗೆಗಳ ನೆರವಿನಿಂದ ಮಾತ್ರ ಬದುಕಿರುತ್ತದೆ. ಮೇಲಾಗಿ, ಬಿಸಿ ಏರಿದಂತೆ ಮುಚ್ಚಿದ ತೂಬುಗಳಿಂದಲೂ ವಿದ್ಯುತ್ತು ಸೋರುವುದು ಹೆಚ್ಚುತ್ತದೆ. ಸೋರಿಕೆ ಹೆಚ್ಚಿದಂತೆ ಬಿಸಿಯೂ ಹೆಚ್ಚುತ್ತದೆ. ಆಲೆಮನೆಯ ಕೊನೆಯ ಗಳಿಗೆಯಂತೆ ಇಲ್ಲಿಯೂ ಏರಿಕೆ ಒಮ್ಮೊಮ್ಮೆ ಓಟವಾಗುತ್ತದೆ. ಆದುದರಿಂದ ಯಾರಾದರೂ ನೋಡುತ್ತಲೇ ಇರಬೇಕು.

*

ನೋಡುವವರು ಯಾರು? ಮೊದಲು ಕಣ್ಣು, ಆಮೇಲೆ ಕಣ್ಣಿನ ಒಡೆಯ.

ಕಣ್ಣು ಸಿಲಿಕಾನಿನಲ್ಲಿಯೇ ಇದೆ. ಟ್ರಾನ್ಸಿಸ್ಟರಿನ ಕೂಡುಗೆಯಲ್ಲಿ ವಿದ್ಯುತ್ತು ಹರಿಯುವಾಗ ಅದರ ಎರಡು ತುದಿಗಳ ನಡುವೆ ಒಂದು ವೋಲ್ಟೇಜು ನಿಲ್ಲುತ್ತದೆ. ಬಿಸಿ ಒಂದು ಡಿಗ್ರಿ ಏರಿದರೆ ಆ ವೋಲ್ಟೇಜು ಸುಮಾರು ಎರಡು ಮಿಲಿವೋಲ್ಟಿನಷ್ಟು ಇಳಿಯುತ್ತದೆ. ತಾಪದಿಂದ ಹುಟ್ಟುವ ಈ ನಿಯತವಾದ ಇಳಿತವೇ ಮಾಪಕ. ಯಾವುದನ್ನು ಅಳೆಯಬೇಕೋ ಅದರ ಒಡಲಿನ ಒಂದು ತುಣುಕೇ ಅಳತೆಗೋಲಾಯಿತು. ಇಂಥ ಮಾಪಕವನ್ನು ಪ್ರತಿ ತಿರುಳಿನ ಬಳಿಯೂ ಇಟ್ಟು, ಅದು ಹೇಳಿದುದನ್ನು ಅಂಕಿಯಾಗಿಸಿ, ಪ್ರೊಸೆಸರಿನೊಳಗಿನ ಒಂದು ಚಿಕ್ಕ ಗೂಡಿನಲ್ಲಿ ಬರೆದಿಡುತ್ತಾರೆ. ಆ ಗೂಡಿಗೆ ರಿಜಿಸ್ಟರೆಂದು ಹೆಸರು.

ಆದರೆ ಆ ಗೂಡಿನ ಬಾಗಿಲು ಎಲ್ಲರಿಗೂ ತೆರೆಯದು. ಇಲ್ಲಿ ಶ್ರೀರಂಗಪಟ್ಟಣವನ್ನು ಕಂಡವರಿಗೆ ವಿಷಯ ಸುಲಭವಾಗುತ್ತದೆ. ಹೊರಗೆ ನದಿ, ಅದರೊಳಗೆ ಕೋಟೆ, ಕೋಟೆಯೊಳಗೆ ರಂಗನಾಥನ ದೇಗುಲದ ಪ್ರಾಕಾರ, ಅದರೊಳಗೆ ನವರಂಗ, ನಟ್ಟನಡುವೆ ಗರ್ಭಗುಡಿ. ಯಾತ್ರಿಕನು ಎಲ್ಲಿಯವರೆಗೆ ಬರಬಹುದು, ಅರ್ಚಕನು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕಟ್ಟಳೆ ಇದೆ. ಗಣಕಯಂತ್ರದಲ್ಲಿಯೂ ಹಾಗೆಯೇ ಬಳೆಯೊಳಗೊಂದು ಬಳೆ. 1982ರ ‘80286’ ಎಂಬ ಪ್ರೊಸೆಸರಿನಿಂದ ಮೊದಲ್ಗೊಂಡು ಇಂಟೆಲ್ ಸಂಪ್ರದಾಯದ ಯಂತ್ರಗಳಲ್ಲಿ ಸೊನ್ನೆಯಿಂದ ಮೂರರವರೆಗೆ ನಾಲ್ಕು ಅಧಿಕಾರದ ಬಳೆಗಳುಂಟು. ನಾವು ಬಳಸುವ ಬರಹದ ತಂತ್ರಾಂಶ, ಹಾಡು ಕೇಳಿಸುವ ತಂತ್ರಾಂಶ, ಇವೆಲ್ಲ ಹೊರಗಿನ ಮೂರನೆಯ ಬಳೆಯ ಯಾತ್ರಿಕರು. ಸೊನ್ನೆಯ ಬಳೆಯಲ್ಲಿ, ಗರ್ಭಗುಡಿಯಲ್ಲಿ ಇರುವುದು ಕರ್ನಲ್. ಕಾರ್ಯಾಚರಣ ವ್ಯವಸ್ಥೆಯ ಅಂತರಂಗ. ಯಾವ ತಂತ್ರಾಂಶಕ್ಕೆ ಎಷ್ಟು ಹೊತ್ತು, ಎಷ್ಟು ಜಾಗ, ಯಾವ ಉಪಕರಣ ಎಂಬುದನ್ನು ಹಂಚುವ ಯಜಮಾನಿಕೆ ಇದರದು.

ತಾಪದ ಗೂಡನ್ನು ಓದುವ ಆಜ್ಞೆ ‘ಆರ್‌ಡಿಎಂಎಸ್‌ಆರ್’ ಎಂಬುದು. ಹೊರಬಳೆಯ ತಂತ್ರಾಂಶವೊಂದು ಈ ಆಜ್ಞೆಯನ್ನು ಉಚ್ಚರಿಸಿದರೆ ಪ್ರೊಸೆಸರು ಅಲ್ಲಿಯೇ ನಿಂತು ಕರ್ನಲ್ಲಿಗೆ ದೂರು ಕೊಡುತ್ತದೆ. ಕರ್ನಲ್ ಆ ತಂತ್ರಾಂಶವನ್ನು ಸಾಮಾನ್ಯವಾಗಿ ಹೊರದೂಡುತ್ತದೆ. ಕರ್ನಲ್ ತಾನೇ ಉಚ್ಚರಿಸಿದರೆ ಗೂಡು ತೆರೆಯುತ್ತದೆ. ಅಲ್ಲಿಯೂ ಒಂದು ನಿಯಮ: ಪ್ರತಿ ತಿರುಳಿಗೂ ಅದರದೇ ಗೂಡು, ಅದನ್ನು ಆ ತಿರುಳೇ ಓದಬೇಕು. ಮೂರನೆಯ ತಿರುಳಿನ ಕಾವು ಬೇಕಾದರೆ ಕರ್ನಲ್ ಅದಕ್ಕೆ ಕರೆ ಕಳಿಸಿ, ‘ನಿನ್ನದನ್ನು ನೀನೇ ನೋಡಿ ಹೇಳು’ ಎನ್ನಬೇಕು. ಆ ತಿರುಳು ವಿಶ್ರಾಂತಿಯಲ್ಲಿದ್ದರೆ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡುದರಿಂದಲೇ ತುಸು ಬಿಸಿಯಾಗುತ್ತದೆ. ಮಲಗಿರುವ ಮಗುವಿಗೆ ಜ್ವರವಿದೆಯೇ ಎಂದು ಮುಟ್ಟಿ ನೋಡಿ ಎಬ್ಬಿಸಿಬಿಟ್ಟ ತಾಯಿಯ ಪಾಡು ಇದು. ಅದಕ್ಕಾಗಿ ಬಲ್ಲವರು ಪದೇ ಪದೇ ಕೇಳುವುದಿಲ್ಲ.

ಇನ್ನು ಗೂಡಿನಲ್ಲಿ ಬರೆದಿರುವುದೇನು? ಇಂಟೆಲ್ ಪ್ರೊಸೆಸರುಗಳಲ್ಲಿ ಇದರ ಸಂಖ್ಯೆ, ನಮ್ಮ ಹತ್ತರ ಎಣಿಕೆಯಲ್ಲಿ, 412. ಅದರಲ್ಲಿ ಏಳು ಎರಡಂಕಿಗಳ ಒಂದು ಸಾಲು; ಎಂದರೆ ಸೊನ್ನೆಯಿಂದ 127ರವರೆಗಿನ ಒಂದು ಸಂಖ್ಯೆ. ಅಲ್ಲಿ 42 ಎಂದಿದೆಯೆಂದು ಇಟ್ಟುಕೊಳ್ಳೋಣ. ಯಂತ್ರದ ಬಿಸಿ 42 ಡಿಗ್ರಿ ಎಂದು ಓದಿದರೆ ತಪ್ಪಾಯಿತು. ಅದು ಹೇಳುತ್ತಿರುವುದು ಬಿಸಿಯನ್ನಲ್ಲ, ದೂರವನ್ನು: ‘ನಾನು ತಡೆದುಕೊಳ್ಳಬಲ್ಲ ಮೇರೆಗೆ ಇನ್ನು 42 ಡಿಗ್ರಿ ಉಳಿದಿದೆ’. ಮೇರೆ 100 ಆಗಿದ್ದರೆ ಬಿಸಿ 58. ಯಂತ್ರ ಕಾದಂತೆಲ್ಲ ಈ ಸಂಖ್ಯೆ ಇಳಿಯುತ್ತ ಬರುತ್ತದೆ. ಸೊನ್ನೆಯಾದ ಕ್ಷಣ ಮೇರೆ ಮುಟ್ಟಿತೆಂದರ್ಥ.

ಇಳಿಯುವ ಲೆಕ್ಕವೆಂದರೆ ವಿಚಿತ್ರವೆನ್ನಿಸೀತು. ಆದರೆ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಮಾನವನ್ನು ಲೋಕದ ಮುಂದಿಟ್ಟಾಗ ನೀರು ಕುದಿಯುವ ಬಿಂದುವಿಗೆ ಸೊನ್ನೆಯೆಂದೂ ಹೆಪ್ಪುಗಟ್ಟುವ ಬಿಂದುವಿಗೆ ನೂರೆಂದೂ ಹೆಸರಿಟ್ಟಿದ್ದ. ಅವನ ಕಾಲದ ನಂತರ ಅದನ್ನು ತಲೆಕೆಳಗು ಮಾಡಿ ನಾವೀಗ ಬಳಸುತ್ತಿದ್ದೇವೆ. ಎರಡೂವರೆ ಶತಮಾನ ಕಳೆದ ಮೇಲೆ ಸಿಲಿಕಾನಿನ ಚೂರು, ತಿಳಿದೋ ತಿಳಿಯದೆಯೋ, ಆ ಮೊದಲಿನ ದಾರಿಯನ್ನೇ ಹಿಡಿದಿದೆ. ಇದಕ್ಕೆ ತಕ್ಕ ಕಾರಣವೂ ಉಂಟು. ಒಳಗಿನ ಮಾಪಕವನ್ನು ತಿದ್ದಿ ಹದಗೊಳಿಸುವುದು ಮೇರೆಯ ಸಮೀಪದಲ್ಲಿ. ಅಲ್ಲಿ ಅದರ ಮಾತು ನಿಖರ. ಮೇರೆಯಿಂದ ದೂರ ಸರಿದಂತೆ, ತಣ್ಣಗಿರುವಾಗ, ಮಾತು ಅಷ್ಟು ನಿಖರವಲ್ಲ. ಕೆಲವು ಹಳೆಯ ಮಾದರಿಗಳಲ್ಲಂತೂ ಒಂದು ಮಟ್ಟಕ್ಕಿಂತ ಕೆಳಗೆ ಅಂಕಿ ಅಲುಗದೆ ನಿಂತುಬಿಡುತ್ತಿತ್ತು. ಅಪಾಯವಿಲ್ಲದಲ್ಲಿ ಅರೆಗಣ್ಣು, ಅಪಾಯವಿದ್ದಲ್ಲಿ ಪೂರ್ಣ ಎಚ್ಚರ: ಕಾವಲುಗಾರನ ಧರ್ಮವೇ ಅದಲ್ಲವೆ?

*

ಓದುವುದೆಂದರೆ ಕಣ್ಣಿಗೆ ಬಿದ್ದುದನ್ನು ಉಚ್ಚರಿಸುವುದಲ್ಲವೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಸನದ ಕಲ್ಲಿನಲ್ಲಿ ಶಕವರ್ಷವೊಂದನ್ನು ಕಂಡವರು ಅದಕ್ಕೆ 78 ಕೂಡಿಸಿ ಕ್ರಿಸ್ತಶಕದ ಲೆಕ್ಕಕ್ಕೆ ತರುತ್ತಾರೆ. ಕಲ್ಲಿನ ಅಕ್ಷರ ಎಷ್ಟೇ ಸ್ಪಷ್ಟವಿರಲಿ, ಕೂಡಿಸಬೇಕಾದ ಸಂಖ್ಯೆ ತಿಳಿಯದಿದ್ದರೆ ಕಾಲನಿರ್ಣಯವೆಲ್ಲ ಹೊಳೆಗೆ ಬಿದ್ದಂತೆ. ತಾಪದ ಗೂಡಿನ ಪಾಡೂ ಇದೇ. 42 ಎಂಬುದನ್ನು ಯಾವ ಮೇರೆಯಿಂದ ಕಳೆಯಬೇಕು?

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಕರ್ನಲ್ಲಿನ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು. ಅದರಲ್ಲಿ ಇಂಟೆಲ್ ಪ್ರೊಸೆಸರುಗಳ ತಾಪವನ್ನು ಓದುವ ‘ಕೋರ್‌ಟೆಂಪ್’ ಎಂಬ ಭಾಗವನ್ನು ರುಡಾಲ್ಫ್ ಮಾರೆಕ್ ಎಂಬವರು 2007ರಲ್ಲಿ ಬರೆದರು. ಆಗಿನ ಎಷ್ಟೋ ಪ್ರೊಸೆಸರುಗಳು ತಮ್ಮ ಮೇರೆ ಯಾವುದೆಂದು ಹೇಳುತ್ತಿರಲಿಲ್ಲ. ‘ಮೇರೆಗೆ ಇಷ್ಟು ದೂರ’ ಎನ್ನುತ್ತಿದ್ದವು, ಮೇರೆಯ ಹೆಸರನ್ನು ಮಾತ್ರ ಬಾಯಿಬಿಡುತ್ತಿರಲಿಲ್ಲ. ಬರೆದವರು ಬಹುಪಾಲು ಮಾದರಿಗಳಿಗೆ 100 ಎಂದೂ ಕೆಲವಕ್ಕೆ 85 ಎಂದೂ ಊಹಿಸಿ ಮುಂದುವರಿಯಬೇಕಾಯಿತು. ಊಹೆ ಹದಿನೈದು ಡಿಗ್ರಿ ತಪ್ಪಿದರೆ ಓದೂ ಹದಿನೈದು ಡಿಗ್ರಿ ತಪ್ಪು. 2008ರಲ್ಲಿ ಇಂಟೆಲ್ ಕೆಲವು ಮಾದರಿಗಳ ಮೇರೆಯನ್ನು ಪ್ರಕಟಿಸಿತು. ಮುಂದಿನ ಪೀಳಿಗೆಯ ಪ್ರೊಸೆಸರುಗಳಲ್ಲಿ 418 ಎಂಬ ಸಂಖ್ಯೆಯ ಮತ್ತೊಂದು ಗೂಡಿನಲ್ಲಿ ಮೇರೆಯನ್ನೂ ಬರೆದಿಡುವ ಪದ್ಧತಿ ಬಂದಿತು. ಈಗ ಕರ್ನಲ್ ಒಂದು ಗೂಡಿನಿಂದ ಮೇರೆಯನ್ನೂ ಇನ್ನೊಂದರಿಂದ ದೂರವನ್ನೂ ಓದಿ, ಕಳೆದು, ಉಳಿದುದನ್ನು ಸಾವಿರದಿಂದ ಗುಣಿಸಿ ಒಂದು ಕಡತದ ರೂಪದಲ್ಲಿ ಹೊರಬಳೆಯವರ ಮುಂದಿಡುತ್ತದೆ. 58 ಡಿಗ್ರಿಯಾದರೆ ಅಲ್ಲಿ 58000 ಎಂದಿರುತ್ತದೆ. ಕರ್ನಲ್ಲಿನೊಳಗೆ ದಶಮಾಂಶದ ಲೆಕ್ಕವನ್ನು ಆದಷ್ಟು ದೂರವಿಡುವುದು ಸಂಪ್ರದಾಯ. ಅದಕ್ಕಾಗಿ ಡಿಗ್ರಿಯನ್ನು ಸಾವಿರ ಪಾಲುಮಾಡಿ ಪೂರ್ಣಾಂಕದಲ್ಲಿಯೇ ಎಣಿಸುತ್ತಾರೆ. ಹಿಂದಿನವರು ರೂಪಾಯಿಯ ಭಿನ್ನರಾಶಿಯನ್ನು ಬಿಟ್ಟು ಆಣೆ ಪೈಗಳಲ್ಲಿ ಲೆಕ್ಕವಿಡುತ್ತಿದ್ದರಲ್ಲ, ಅಂತೆಯೇ. ಗರ್ಭಗುಡಿಯೊಳಗಿನದು ಯಾತ್ರಿಕನ ಕೈಗೆ ತೀರ್ಥವಾಗಿ ಬಂದಂತೆ, ಒಳಗಿನ ಗೂಢಾಂಕ ಯಾರು ಬೇಕಾದರೂ ಓದಬಹುದಾದ ಸರಳ ಸಂಖ್ಯೆಯಾಗಿ ಹೊರಬರುತ್ತದೆ.

ಇದಕ್ಕಿಂತ ಸೋಜಿಗದ ಪ್ರಕರಣವೊಂದು ಎಎಮ್‌ಡಿ ಎಂಬ ಇನ್ನೊಂದು ಸಂಸ್ಥೆಯದು. 2017ರಲ್ಲಿ ಅದು ಹೊರತಂದ ‘ರೈಜನ್’ ಪ್ರೊಸೆಸರುಗಳಲ್ಲಿ ಕೆಲವು ಮಾದರಿಗಳು ತಮ್ಮ ನಿಜವಾದ ಬಿಸಿಗೆ 20 ಡಿಗ್ರಿ ಸೇರಿಸಿ ಹೇಳುತ್ತಿದ್ದವು. ಕೊಂಡವರು ಗಾಬರಿಗೊಂಡರು. ಅದು ದೋಷವಲ್ಲ, ಉದ್ದೇಶಪೂರ್ವಕವಾಗಿ ಇಟ್ಟದ್ದು ಎಂದು ಸಂಸ್ಥೆ ತಿಳಿಸಿತು. ಬೇರೆ ಬೇರೆ ಮಾದರಿಗಳಿಗೆ ಒಂದೇ ಬಗೆಯ ಬೀಸಣಿಗೆಯ ನೀತಿ ಅನ್ವಯಿಸಲೆಂದು ಕಟ್ಟಿಕೊಂಡ ಲೆಕ್ಕವದು. ಲಿನಕ್ಸಿನ ಕೈಪಿಡಿ ಇಂಥ ಸಂಖ್ಯೆಯನ್ನು ಭೌತಿಕವಲ್ಲದ ತಾಪವೆಂದು ನೇರವಾಗಿಯೇ ಕರೆದಿದೆ. ನಿಜದ ವರದಿಯಲ್ಲ, ನಡತೆಯ ಸೂಚನೆ. ಹೊಳೆಯ ಮಡುವಿಗೆ ಇಳಿಯಬಾರದೆಂದು ಮಕ್ಕಳಿಗೆ ಆಳವನ್ನು ಒಂದಕ್ಕೆರಡಾಗಿ ಹೇಳುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಹೇಳಿದ ಸಂಖ್ಯೆ ಸುಳ್ಳು, ಕಾಪಾಡುವ ಉದ್ದೇಶ ನಿಜ. ಆದರೂ ಓದುಗನಿಗೆ ಅದು ಯಾವ ಬಗೆಯ ಮಾತೆಂಬುದು ತಿಳಿದಿರಬೇಕು. ವಾಚ್ಯವನ್ನು ಮಾತ್ರ ಹಿಡಿದವನು ಇಲ್ಲಿಯೂ ಕೆಡುತ್ತಾನೆ.

*

ಓದಿದ ಮೇಲೇನು? ಅರಿತು ಸುಮ್ಮನಿರುವುದಾದರೆ ಅರಿವಿನಿಂದ ಪ್ರಯೋಜನವಿಲ್ಲ. ಲಿನಕ್ಸಿನ ಕರ್ನಲ್ಲಿನಲ್ಲಿ ನಾಲ್ಕು ಬಗೆಯ ಗಡಿಗಳುಂಟು. ಒಂದನ್ನು ಮುಟ್ಟಿದರೆ ಬೀಸಣಿಗೆ ಜೋರಾಗುತ್ತದೆ. ಇನ್ನೊಂದನ್ನು ಮುಟ್ಟಿದರೆ ಪ್ರೊಸೆಸರಿನ ತಾಳವನ್ನೇ ನಿಧಾನಗೊಳಿಸುತ್ತಾರೆ. ವೇಗ ತಗ್ಗಿಸಿ ವೋಲ್ಟೇಜನ್ನೂ ಇಳಿಸಿದರೆ ಶಾಖ ಬಹುವಾಗಿ ಕುಗ್ಗುತ್ತದೆ, ಏಕೆಂದರೆ ಶಾಖವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಮೂರನೆಯದು ಎಚ್ಚರಿಕೆ. ನಾಲ್ಕನೆಯದು ವಿಷಮಾವಸ್ಥೆ: ಆಗ ಕರ್ನಲ್ ಕೈಗೆ ಸಿಕ್ಕಿದ ಕೆಲಸವನ್ನು ಮುಗಿಸಿ ಯಂತ್ರವನ್ನು ನಿಲ್ಲಿಸುತ್ತದೆ. ಬೇಸಗೆಯ ಮಧ್ಯಾಹ್ನ ಹಾಸಿಗೆಯ ಮೇಲೆ ಮಡಿಲುಗಣಕವನ್ನಿಟ್ಟು, ಗಾಳಿಯ ಕಿಂಡಿಗಳನ್ನು ಮುಚ್ಚಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಯ ಯಂತ್ರ ಮೊದಲು ಮಂದವಾಗಿ ಕೊನೆಗೆ ತಟ್ಟನೆ ಆರಿಹೋದರೆ ಅದು ಹಟವಲ್ಲ, ಆತ್ಮರಕ್ಷಣೆ.

ಆದರೆ ಮೂಲದ ಸಂದೇಹ ಹಾಗೆಯೇ ಉಳಿಯಿತು. ಕಾವನ್ನು ನೋಡುವ ಕರ್ನಲ್ ಕೂಡ ಅದೇ ಬೇಯುತ್ತಿರುವ ಪ್ರೊಸೆಸರಿನ ಮೇಲೆ ಓಡುವ ಒಂದು ಲೆಕ್ಕ. ಬೇಗೆಯಲ್ಲಿ ಪ್ರೊಸೆಸರೇ ತಪ್ಪತೊಡಗಿದರೆ, ತಪ್ಪುತ್ತಿದ್ದೇನೆಂಬ ಅರಿವೂ ತಪ್ಪುತ್ತದೆ. ಕರ್ನಲ್ ಎಲ್ಲಿಯೋ ಸಿಕ್ಕಿಬಿದ್ದು ನಿಂತುಹೋದರೆ ನೋಡುವ ಕಣ್ಣೇ ಇಲ್ಲ. ಈ ಸಂದೇಹ ತೋರಿಕೆಯದಲ್ಲವೆಂಬುದನ್ನು 2001ರ ಒಂದು ಪ್ರಯೋಗ ಲೋಕಕ್ಕೆ ತೋರಿಸಿತು. ಟಾಮ್ಸ್ ಹಾರ್ಡ್‌ವೇರ್ ಎಂಬ ಯಂತ್ರವಿಮರ್ಶೆಯ ಸಂಸ್ಥೆಯವರು ಓಡುತ್ತಿರುವ ಗಣಕಗಳ ಪ್ರೊಸೆಸರಿನ ಮೇಲಿಂದ ತಂಪುಗಾರಿಕೆಯ ಲೋಹವನ್ನು ಕಿತ್ತು ತೆಗೆದು, ಆದುದನ್ನು ಚಿತ್ರೀಕರಿಸಿದರು. ಎಎಮ್‌ಡಿಯ ಅಂದಿನ ‘ಅಥ್ಲಾನ್’ ಕ್ಷಣಾರ್ಧದಲ್ಲಿ ಹೊಗೆಯೆದ್ದು ಸತ್ತಿತು. ಇಂಟೆಲಿನ ‘ಪೆಂಟಿಯಂ 3’ ಕೆಲಸ ನಿಲ್ಲಿಸಿತು, ಆದರೆ ಉಳಿಯಿತು. ‘ಪೆಂಟಿಯಂ 4’ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು, ಆಮೆಯ ನಡಿಗೆಯಲ್ಲಿ, ಕೆಲಸವನ್ನು ಮುಂದುವರಿಸಿತು. ಅದರ ಒಡಲಿನಲ್ಲಿಯೇ ಕರ್ನಲ್ಲಿನ ಅಪ್ಪಣೆಗೆ ಕಾಯದೆ ಮಂದವಾಗುವ ಏರ್ಪಾಡು ಇತ್ತು.

ಇಂದಿನ ಪ್ರೊಸೆಸರುಗಳಲ್ಲೆಲ್ಲ ಈ ಪಾಠ ನಾಟಿದೆ. ಮೇರೆ ಮುಟ್ಟಿದರೆ ಯಂತ್ರಾಂಗವೇ ವೇಗವನ್ನು ತಗ್ಗಿಸುತ್ತದೆ. ಮೇರೆ ಮೀರಿ ಹೋದರೆ ಯಾರನ್ನೂ ಕೇಳದೆ ವಿದ್ಯುತ್ತನ್ನೇ ಕತ್ತರಿಸುವ ಸಂಕೇತವೊಂದನ್ನು ಹೊರಡಿಸುತ್ತದೆ. ಕರ್ನಲ್ಲಿಗೆ ಸರ್ವಾಧಿಕಾರವಿದೆಯೆಂದೆವು; ಅದರೆ ಈ ಕೊನೆಯ ಅಧಿಕಾರವನ್ನು ಅದರ ಕೈಗೂ ಕೊಟ್ಟಿಲ್ಲ. ಆಳುವವನು ತನ್ನ ಮಿತಿಯನ್ನು ತಾನೇ ನಿರ್ಣಯಿಸಬಾರದೆಂಬ ರಾಜನೀತಿಯ ಹಳೆಯ ವಿವೇಕ ಸಿಲಿಕಾನಿನಲ್ಲಿಯೂ ಬೇಕಾಯಿತು. ತನ್ನನ್ನು ತಾನು ನೋಡಿಕೊಳ್ಳುವ ಶಕ್ತಿ ದೊಡ್ಡದು ನಿಜ. ಆ ಶಕ್ತಿಯೂ ಕುರುಡಾಗುವ ಗಳಿಗೆಯೊಂದು ಇದೆಯೆಂದು ಮುಂಗಂಡು, ಅದಕ್ಕೆ ಮೊದಲೇ ಬೇರೊಂದು ಕಾವಲನ್ನು ಇಡುವುದು ಅದಕ್ಕಿಂತ ದೊಡ್ಡದು.

*

ಕೊನೆಯದಾಗಿ ಒಂದು ಮಾತು. ಒಳಗಿನ ಕಾವನ್ನು ಎಲ್ಲರಿಗೂ ತಿಳಿಸುವುದು ನಿರಪಾಯವೆಂದು ಬಹುಕಾಲ ನಂಬಿದ್ದರು. ಬಿಸಿಯ ಅಂಕಿಯಲ್ಲಿ ಯಾವ ಗುಟ್ಟಿದ್ದೀತು? ಆದರೆ ಜ್ಯೂರಿಕ್ಕಿನ ಇಟಿಎಚ್ ವಿದ್ಯಾಸಂಸ್ಥೆಯ ಸಂಶೋಧಕರು 2015ರಲ್ಲಿ, ಒಂದಕ್ಕೊಂದು ಮಾತನಾಡಲು ಅಪ್ಪಣೆಯಿಲ್ಲದ ಎರಡು ತಂತ್ರಾಂಶಗಳು ಬಿಸಿಯ ಏರಿಳಿತದ ಮೂಲಕವೇ ಸಂಭಾಷಿಸಬಹುದೆಂದು ತೋರಿಸಿದರು. ಒಂದು ತಿರುಳು ಬೇಕೆಂದೇ ದುಡಿದು ಕಾಯುತ್ತದೆ, ಸುಮ್ಮನಿದ್ದು ತಣಿಯುತ್ತದೆ. ನೆರೆಯ ತಿರುಳು ಆ ಏರಿಳಿತವನ್ನು ಅಕ್ಷರವಾಗಿ ಓದುತ್ತದೆ. ಬಲು ನಿಧಾನ, ಆದರೆ ಸೋರಿಕೆ ಸೋರಿಕೆಯೇ. 2020ರ ನವೆಂಬರಿನಲ್ಲಿ ಆಸ್ಟ್ರಿಯದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು ಮೊದಲಾದ ಸಂಶೋಧಕರು ಇನ್ನೂ ಮುಂದೆ ಹೋದರು. ತಾಪದ ಸೋದರಸಂಖ್ಯೆಯಾದ ವಿದ್ಯುತ್ ವ್ಯಯದ ಅಂಕಿಯನ್ನು ಮತ್ತೆ ಮತ್ತೆ ಓದಿ, ಪ್ರೊಸೆಸರು ಯಾವ ರಹಸ್ಯದ ಕೀಲಿಯನ್ನು ಬಳಸುತ್ತಿದೆ ಎಂಬುದನ್ನೇ ಕಂಡುಹಿಡಿದು ತೋರಿಸಿದರು. ‘ಪ್ಲಾಟಿಪಸ್’ ಎಂದು ಹೆಸರಾದ ಈ ದಾಳಿಯ ಬಳಿಕ ಲಿನಕ್ಸ್ ಆ ಅಂಕಿಯ ಓದನ್ನು ಯಂತ್ರದ ಒಡೆಯನಿಗೆ ಮಾತ್ರ ಮೀಸಲಿಟ್ಟಿತು. ಮುಖ ಕೆಂಪೇರಿದುದನ್ನು ಕಂಡು ಮನಸ್ಸಿನ ಮಾತನ್ನು ಊಹಿಸುವವರು ನಮ್ಮ ನಡುವೆ ಇಲ್ಲವೆ? ಕಾವು ಬರಿಯ ಕಾವಲ್ಲ. ಒಳಗೆ ನಡೆದುದರ ಸಾಕ್ಷಿ. ಅದನ್ನು ಯಾರು ಓದಬಹುದು, ಎಷ್ಟು ಸೂಕ್ಷ್ಮವಾಗಿ ಓದಬಹುದು ಎಂಬುದು ಇನ್ನು ಮುಂದೆ ಯಂತ್ರಶಾಸ್ತ್ರದ ಪ್ರಶ್ನೆ ಮಾತ್ರವಲ್ಲ, ನೀತಿಯ ಪ್ರಶ್ನೆಯೂ ಹೌದು.

ನಮ್ಮ ಕಾಲೇಜುಗಳಲ್ಲಿ ಸಾಹಿತ್ಯ ಓದುವವರು ಇಂಥ ವಿಷಯವನ್ನು ‘ಅದು ವಿಜ್ಞಾನದವರದು’ ಎಂದು ಬದಿಗಿರಿಸುವುದುಂಟು. ಅದು ಉಚಿತವಲ್ಲವೆಂದು ತೋರುತ್ತದೆ. ಒಂದು ಸಂಖ್ಯೆ ಯಾವ ಮೇರೆಯಿಂದ ಎಣಿಸಿದ್ದು, ಅದನ್ನು ಬರೆದವರ ಉದ್ದೇಶವೇನು, ಎಲ್ಲಿ ಅದು ನಿಖರ, ಎಲ್ಲಿ ಸಡಿಲ, ಅದು ಹೇಳದೆಯೇ ಏನನ್ನು ಹೊರಗೆಡಹುತ್ತದೆ, ಇವೆಲ್ಲ ನಾವು ಪದ್ಯಕ್ಕೂ ಶಾಸನಕ್ಕೂ ಕೇಳುತ್ತ ಬಂದ ಪ್ರಶ್ನೆಗಳೇ. ಕೇಳುವ ವಸ್ತು ಹೊಸದು, ಕೇಳುವ ಶಿಸ್ತು ಹಳೆಯದು. ಕನ್ನಡದಲ್ಲಿ ಯೋಚಿಸುವವರು ಈ ಯಂತ್ರಗಳನ್ನು ದಿನವೆಲ್ಲ ಬಳಸಿ, ಅವುಗಳ ಅಂತರಂಗದ ಬಗೆಗೆ ಮಾತ್ರ ಮೂಕರಾಗಿ ಉಳಿದರೆ, ನಮ್ಮ ನುಡಿ ಹೊರಬಳೆಯ ಯಾತ್ರಿಕನಾಗಿಯೇ ನಿಲ್ಲುತ್ತದೆ. ಗರ್ಭಗುಡಿಯ ಬಾಗಿಲು ಲಿನಕ್ಸಿನಂಥ ಕೃತಿಗಳಲ್ಲಿ ತೆರೆದೇ ಇದೆ. ಒಳಹೊಕ್ಕು ಓದುವವರು ಬೇಕು.

ಆ ಸಿಲಿಕಾನಿನ ಚೂರು ನಮಗೂ ಒಂದು ಮಾತನ್ನು ಕಲಿಸಬಹುದು. ನಾನೆಷ್ಟು ಉರಿಯಬಲ್ಲೆನೆಂದು ಅದು ಹೇಳಿಕೊಳ್ಳುವುದಿಲ್ಲ. ಕೆಡುವ ಮೇರೆಗೆ ಇನ್ನೆಷ್ಟು ದೂರವಿದ್ದೇನೆಂದು ಗಳಿಗೆಗಳಿಗೆಗೂ ಎಣಿಸಿಕೊಳ್ಳುತ್ತದೆ, ಮೇರೆ ಹತ್ತಿರವಾದಾಗ ನಡಿಗೆಯನ್ನು ನಿಧಾನಿಸುತ್ತದೆ. ಅವಸರವೇ ಬದುಕೆನ್ನಿಸಿರುವ ಈ ದಿನಗಳಲ್ಲಿ ಅಷ್ಟು ವಿವೇಕ ಮನುಷ್ಯರಾದ ನಮಗೂ ಇದ್ದರೆ ಕೇಡಿಲ್ಲ.